ಹೊಸ್ತಿಲಾಚೆ ನಿಂತ ತತ್ತಿಯ ಡಬ್ಬಿ

ದಡಿ ಇನ್ನಿಲ್ಲ ಎಂಬುದು ಬನಹಟ್ಟಿಯ ನಮ್ಮ ಓಣಿಗೆ ತಿಳಿದದ್ದು ಹಿಂದಿನ ಅಮಾವಾಸ್ಯೆಯ ಬೆಳಿಗ್ಗೆ. ಅಮಾವಾಸ್ಯೆಯಂದು ಓಣಿಯ ಮಗ್ಗಗಳು ನಿಂತಿರುತ್ತವೆ. ಉಳಿದ ದಿನ ಪಕ್ಕದಲ್ಲಿ ಕುಳಿತವರ ಮಾತೂ ಕೇಳದ ಈ ಊರಿನಲ್ಲಿ ಅಂದು ಒಂದು ಮನೆಯ ದನಿ ಹತ್ತು ಮನೆಗೆ ಮುಟ್ಟುತ್ತದೆ. ವೀರಣ್ಣನ ಮನೆಯ ಮಗ್ಗದ ಕೋಣೆಯಿಂದ ತಂಗೆವ್ವ ಕೇಳಿದ ಪ್ರಶ್ನೆ ಹಾಗೆ ಎಲ್ಲರ ಕಿವಿಗೂ ಬಿತ್ತು.

“ಇದನ್ನ ಎಳದವ್ರ್ಯಾರು?”

ದಡಿ ವೀರಣ್ಣನ ಮನೆಯ ಬೆಕ್ಕು. ಮೈಯೆಲ್ಲ ಬಿಳುಪು, ಎರಡು ಪಕ್ಕೆಗೂ ಒಂದೊಂದು ಕಂದು ಪಟ್ಟಿ. ಸೀರೆಗೆ ದಡಿ, ಅಂದರೆ ಅಂಚು, ಹಿಡಿದಂತಿದೆ ಎಂದು ವೀರಣ್ಣನ ತಾಯಿ ಬೋರವ್ವ ಇಟ್ಟ ಹೆಸರು. ಕಸ ಗುಡಿಸಲು ಬಂದ ತಂಗೆವ್ವನಿಗೆ ಅದು ಮಗ್ಗದ ಕೆಳಗೆ, ನೆಲ ತಂಪಾಗಿರುವ ಕಡೆ, ಮಲಗಿದಂತೆ ಸಿಕ್ಕಿತು. ಮುಟ್ಟಿದರೆ ಮೈ ಸೆಟೆದಿತ್ತು. ಬಾಯಿಯ ಅಂಚಿನಲ್ಲಿ ಹಸಿರು ನೂಲಿನ ತುಂಡೊಂದು ಕಾಣುತ್ತಿತ್ತು.

ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ವೀರಣ್ಣ ಏನನ್ನೂ ಮುಚ್ಚಿಡಲಿಲ್ಲ. “ನಾನ ಎಳದೇನಿ, ನಿನ್ನೆ ಸಂಜಿಮುಂದ. ಬಾಯಾಗ ಎಳಿ ಜೋತಾಡಾಕತ್ತಿತ್ತು. ಒಂದು ಗೇಣ ಬಂತು, ಆಮ್ಯಾಲ ಹರೀತು. ಛಲೋ ಆತು ಅಂದಕೊಂಡೆ” ಎಂದ.

ಅವನ ಮಾತಿನಲ್ಲಿ ಕಪಟವಿರಲಿಲ್ಲ. ನೇಕಾರನ ಬೆರಳು ನೂಲಿನ ತುದಿ ಕಂಡಲ್ಲಿ ಎಳೆಯುತ್ತದೆ. ಎಳೆದದ್ದಕ್ಕೆ ನನಗೆ ಅವನ ಮೇಲೆ ಸಿಟ್ಟಿಲ್ಲ. ಆ ಬೆಕ್ಕು ನೂಲು ತಿನ್ನುವಷ್ಟು ಹಸಿದದ್ದು ಏಕೆ ಎಂಬುದಕ್ಕೆ ಸಿಟ್ಟಿದೆ. ಅದನ್ನು ಹೇಳುವ ಮೊದಲು ತಂಗೆವ್ವ ಯಾರೆಂದು ಹೇಳಬೇಕು.

ಹೊತ್ತು ಮೂಡುವ ಮೊದಲೇ ತಂಗೆವ್ವನ ಒಲೆಯ ಮೇಲೆ ಜೋಳದ ನುಚ್ಚು ಕುದಿಯುತ್ತದೆ. ಪಕ್ಕದ ಪಾತ್ರೆಯಲ್ಲಿ ಮೊಟ್ಟೆ ಬೇಯುತ್ತವೆ. ಮೊಟ್ಟೆಗೆ ಇಲ್ಲಿ ತತ್ತಿ ಎನ್ನುತ್ತಾರೆ. ಆಕೆ ತತ್ತಿ ಸುಲಿದು, ಬೆರಳಲ್ಲಿ ಪುಡಿಮಾಡಿ, ನುಚ್ಚಿಗಿಂತ ತತ್ತಿಯೇ ಹೆಚ್ಚಾಗುವಂತೆ ಕಲಸುತ್ತಾಳೆ. ಉಪ್ಪಿಲ್ಲ, ಖಾರವಿಲ್ಲ, ಉಳ್ಳಾಗಡ್ಡಿಯಂತೂ ಇಲ್ಲವೇ ಇಲ್ಲ. ಅದು ಬೆಕ್ಕಿಗೆ ವಿಷ ಎನ್ನುತ್ತಾಳೆ. ಆರಿದ ಮೇಲೆ ಅಲ್ಯುಮಿನಿಯಂ ಡಬ್ಬಿಗೆ ತುಂಬಿ, ಕಸಬರಗಿಯನ್ನು ಕಂಕುಳಿಗೆ ಸಿಕ್ಕಿಸಿ, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ.

ನಮ್ಮ ಓಣಿಯ ಮನೆಗಳಲ್ಲಿ ಮುಂದೆ ಮಗ್ಗ, ಹಿಂದೆ ಅಡುಗೆಮನೆ. ಮನುಷ್ಯರು, ನೂಲು, ಬೆಕ್ಕು ಎಲ್ಲರಿಗೂ ಒಂದೇ ಮಾಡು. ತಂಗೆವ್ವ ಹನ್ನೆರಡು ಮನೆಗಳಲ್ಲಿ ಮಗ್ಗದ ಕೆಳಗೆ ತೂರಿ, ಬಿದ್ದ ತುಂಡುನೂಲನ್ನೆಲ್ಲ ಬಳಿದು ಚೀಲಕ್ಕೆ ತುಂಬಿ, ಬಾಯಿ ಬಿಗಿಯುತ್ತಾಳೆ. ಆಕೆಗೆ ಕೂಲಿ ಸಿಗುವುದು ಈ ಕೆಲಸಕ್ಕೆ. ಗುಡಿಸಿ ಮುಗಿದ ಮೇಲೆ ಡಬ್ಬಿಯ ಮುಚ್ಚಳವನ್ನು ಬಳೆಯಿಂದ ಬಡಿಯುತ್ತಾಳೆ. ಅಟ್ಟದಿಂದ, ನೂಲಿನ ಮೂಟೆಗಳ ಸಂದಿಯಿಂದ ಬೆಕ್ಕುಗಳು ಇಳಿದು ಬರುತ್ತವೆ. ಈ ಕೆಲಸಕ್ಕೆ ಕೂಲಿ ಇಲ್ಲ. ಬೈಗುಳ ಉಂಟು.

ಮಗ್ಗ ನಡೆಸುವ ಕಲ್ಮೇಶ ದಿನಾಲು ಕೆಣಕುತ್ತಾನೆ. “ಯವ್ವಾ, ಆ ತತ್ತಿ ನನಗ ಕೊಡ. ನಾನೂ ಇಲಿ ಹಿಡೀತೇನಿ.”

“ಹಿಡದ ತೋರಸ ಮೊದಲ. ನೀ ಇಲಿ ಹಿಡದ್ರ ನಿನ್ನ ಹೇಣತಿನರ ನಿನ್ನ ಮನ್ಯಾಗ ಇಟ್ಕೊಂಡಾಳ.”

ತಂಗೆವ್ವನ ತವರು ಹತ್ತಿರದ ಚಿಮ್ಮಡ. ಗಂಡ ಗಿರಮಲ್ಲಪ್ಪ ಹರೆಯದಿಂದ ಮಗ್ಗದ ಸದ್ದಿನಲ್ಲಿಯೇ ದುಡಿದು ಕಿವಿ ಕಳೆದುಕೊಂಡಿದ್ದಾನೆ. ಅವನಿಗೆ ಕೇಳಲೆಂದು ಕೂಗಿ ಕೂಗಿ ಆಕೆಯ ದನಿ ದೊಡ್ಡದಾಗಿದೆ. ಮೊದಲು ಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಹೆಗಲು ಸೋತ ಮೇಲೆ ಕಸಬರಗಿ ಹಿಡಿದಳು. ನೂಲು ಸುತ್ತುತ್ತಿದ್ದ ಕಾಲದಲ್ಲಿ ಆಕೆಯ ಬೆಕ್ಕೊಂದು ಎಳೆ ನುಂಗಿ ಊಟ ಬಿಟ್ಟಿತು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಜಮಖಂಡಿಗೆ ಹೋದಳು. ಅಲ್ಲಿನ ಪಶುವೈದ್ಯೆ ರಾಜಶ್ರೀ ಹೊಟ್ಟೆ ಕೊಯ್ದು ನೋಡಿದರು, ಉಳಿಸಲಾಗಲಿಲ್ಲ. ಆದರೆ ಏನಾಯಿತೆಂದು ಕೂರಿಸಿಕೊಂಡು ಹೇಳಿ ಕಳಿಸಿದರು.

“ಲಂಗದ ಲಾಡಿ ಎಳದ್ರ ನೆರಿಗಿ ಕೂಡತಾವಲ್ರಿ, ಒಳಗ ಕರಳ ಹಂಗ ಕೂಡಿದ್ವಂತ” ಎಂದು ತಂಗೆವ್ವ ಸೆರಗಿನ ತುದಿ ಹಿಡಿದು ತೋರಿಸುತ್ತಾಳೆ. “ಎಳಿ ಒಂದ ಕಡೆ ಸಿಕ್ಕೊಂಡಿರತೈತಿ. ನೀವು ಹೊರಗಿಂದ ಜಗ್ಗಿದ್ರ ಒಳಗ ಗರಗಸ ಎಳದಂಗ. ಬಾಯಾಗ ಇರಲಿ, ಹಿಂದ ಇರಲಿ, ಎಳೀಬ್ಯಾಡ್ರಿ. ಹಂಗ ಎತ್ತಕೊಂಡ ದವಾಖಾನಿಗೆ ನಡೀರಿ ಅಂದ್ರು ಡಾಕ್ಟರಬಾಯಿ. ಅವತ್ತಿಂದ ನಾನು ಊರಿಗೆಲ್ಲ ಅದನ್ನ ಒದರಾಕತ್ತೇನಿ. ಮಗ್ಗದ ಸಪ್ಪಳದಾಗ ಯಾರಿಗೆ ಕೇಳತೈತ್ರಿ?”

ಬೆಕ್ಕು ನೂಲೇಕೆ ತಿನ್ನುತ್ತದೆ? ಮರಿಗಳು ಆಟಕ್ಕೆ ನುಂಗುವುದುಂಟು. ಬೆಳೆದ ಬೆಕ್ಕು ತಿನ್ನುವುದು ಹಸಿವಿಗೆ. ಮಗ್ಗಕ್ಕೆ ಉದ್ದುದ್ದ ಬಿಗಿದಿರುವ ಹಾಸಿನ ನೂಲು ಗಟ್ಟಿಯಾಗಲೆಂದು ಗಂಜಿ ಹಾಕಿರುತ್ತಾರೆ. ಆ ಗಂಜಿಯ ವಾಸನೆಗೆ ಇಲಿಯೂ ಬರುತ್ತದೆ, ಹಸಿದ ಬೆಕ್ಕೂ ನೆಕ್ಕುತ್ತದೆ. ನೆಕ್ಕಿದ ಎಳೆಯನ್ನು ಅದರ ಒರಟು ನಾಲಿಗೆ ಹೊರಗೆ ಬಿಡುವುದಿಲ್ಲ, ಒಳಕ್ಕೇ ತಳ್ಳುತ್ತದೆ. ನಮ್ಮ ಊರಿನಲ್ಲಿ ಬೆಕ್ಕುಗಳನ್ನು ಹಸಿದಿಡುವುದು ಮರೆವಿನಿಂದಲ್ಲ. ಅದು ಪದ್ಧತಿ. ಉಂಡ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂದು ಅಜ್ಜಂದಿರು ಹೇಳಿದರು, ಮೊಮ್ಮಕ್ಕಳು ನಡೆಸಿದ್ದಾರೆ. ಇಲಿ ಹಾಸನ್ನು ಕಡಿದರೆ ಎಷ್ಟು ದಿನದ ದುಡಿಮೆ ಹಾಳಾಗುತ್ತದೆಂದು ನಾನೂ ಬಲ್ಲೆ. ಆದರೆ ತಂಗೆವ್ವನ ಮನೆಯ ಬೆಕ್ಕು ಎರಡು ಹೊತ್ತು ಉಂಡು, ಮೈತುಂಬಿಕೊಂಡು, ಆಮೇಲೂ ಇಲಿ ಹಿಡಿದು ತಂದು ಗಿರಮಲ್ಲಪ್ಪನ ಹಾಸಿಗೆಯ ಬಳಿ ಇಡುತ್ತದೆ. ಇದನ್ನು ಓಣಿಯೆಲ್ಲ ನೋಡಿದೆ. ನೋಡಿಯೂ ಪದ್ಧತಿ ಬಿಟ್ಟಿಲ್ಲ.

ವೀರಣ್ಣನ ಮನೆಯಲ್ಲಿ ಇದರ ಮೇಲೆ ಮಡಿಯೂ ಸೇರಿತು. ದಡಿ ಸಾಯುವ ಮೂರು ವಾರ ಮೊದಲು ಆ ಮನೆಗೆ ಬೀಗರು ಬಂದಿದ್ದರು. ಬಾಗಿಲ ಬಳಿ ತತ್ತಿಯ ಚೂರು ಕಂಡು ಮೂಗು ಮುರಿದರು. ಮರುದಿನ ವೀರಣ್ಣ ತಂಗೆವ್ವನಿಗೆ, “ನಾಳಿಯಿಂದ ಆ ಡಬ್ಬಿ ಹೊಸ್ತಿಲದ ಒಳಗ ಬರಬಾರದು ನೋಡಬೇ. ಕಸಾ ಹೊಡಿ, ಹೋಗು. ಇದು ಲಿಂಗಾ ಪೂಜಿ ಮಾಡೋ ಮನಿ” ಎಂದ.

“ಇಲಿ ತಿಂದ ಬಾಯಿಲೆ ಅದು ಮನಿ ತುಂಬ ಅಡ್ಡಾಡತೈತಲ್ರಿ ವೀರಣ್ಣಾರ. ಇಲಿಗೆ ಇಲ್ಲದ ಮೈಲಿಗಿ ತತ್ತಿಗೆ ಹೆಂಗ ಬಂತು?” ಎಂದು ತಂಗೆವ್ವ ಕೇಳಿದಳು.

“ಇಲಿ ಅದರ ಧರ್ಮ. ತತ್ತಿ ನೀ ತಂದದ್ದು.” ಅಂದಿನಿಂದ ತಂಗೆವ್ವ ಬರುವ ಹೊತ್ತಿಗೆ ದಡಿಯನ್ನು ಪೂಜೆಯ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು.

ನಾನೂ ತತ್ತಿ ಮುಟ್ಟುವವನಲ್ಲ. ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಿಲ್ಲ. ಆದರೂ ಕೇಳುತ್ತೇನೆ: ಬೆಕ್ಕಿಗೆ ಲಿಂಗದೀಕ್ಷೆ ಕೊಟ್ಟವರು ಯಾರು? ಅದರ ಕೊರಳಿಗೆ ಲಿಂಗದ ಕರಡಿಗೆ ಕಟ್ಟಿದವರು ಯಾರು? ನಮ್ಮ ವ್ರತ ನಾವು ಹಿಡಿದದ್ದು. ಅದರ ಹಸಿವನ್ನು ಬಾಯಿಲ್ಲದ ಜೀವದ ಹೊಟ್ಟೆಯ ಮೇಲೆ ಹೇರಿ, ಪುಣ್ಯವನ್ನು ಮಾತ್ರ ನಮ್ಮ ಹೆಸರಿಗೆ ಇಟ್ಟುಕೊಳ್ಳುವುದು ಯಾವ ಶಿವಾಚಾರ? ಮಾಂಸ ತಿನ್ನುವಂತೆ ಹುಟ್ಟಿಸಿದ್ದು ಶಿವ. ಅವನ ತಪ್ಪನ್ನು ತಿದ್ದಲು ಹೊರಟ ನಾವು ಅವನಿಗಿಂತ ಹಿರಿಯರಾದೆವೇ? ಮೂರು ವಾರ ಆ ಮನೆಯಲ್ಲಿ ದೇವರಿಗೆ ಎಡೆ ತಪ್ಪಲಿಲ್ಲ. ದಡಿಗೆ ಸಿಕ್ಕದ್ದು, ಅದೂ ಮನೆಯಲ್ಲಿ ಮಿಕ್ಕಿದ್ದರೆ, ಒಂದಿಷ್ಟು ನೀರುಮಜ್ಜಿಗೆ. ಸತ್ತ ಮೇಲೆ ಹಿತ್ತಲಲ್ಲಿ ಕುಣಿ ತೋಡಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು ಮಣ್ಣು ಮಾಡಿದರು. ಸತ್ತ ಬೆಕ್ಕಿಗೆ ಪತ್ರೆ ಸಿಕ್ಕಿತು. ಬದುಕಿದ್ದ ಬೆಕ್ಕಿಗೆ ತತ್ತಿ ಸಿಗಲಿಲ್ಲ.

ಒಂದು ಬೆಕ್ಕಿಗಾಗಿ ಇಷ್ಟು ಮಾತೇ ಎನ್ನುವವರು ಇದ್ದಾರೆ. ಪಕ್ಕದ ಮುಧೋಳದ ನಾಯಿಯಾಗಿದ್ದರೆ ಹೀಗೆ ಕೇಳುತ್ತಿರಲಿಲ್ಲ. ಅದಕ್ಕೆ ದೇಶದಲ್ಲೆಲ್ಲ ಹೆಸರಿದೆ. ಆ ಹೆಸರಿಗಾಗಿ ಕೊಂಡು ತಂದು, ಸರಪಳಿ ಬಿಗಿದು, ಬಿಸ್ಕೀಟು ಎಸೆದು ಸಾಕುವ ಮನೆಗಳೂ ನನಗೆ ಗೊತ್ತು. ಮನೆಗೆ ತಂದ ಮೇಲೆ ಅದರ ಹೊಟ್ಟೆ ನಮ್ಮ ಹೊಣೆ. ನಾಯಿಗೂ ಇದೇ ಮಾತು, ಬೆಕ್ಕಿಗೂ ಇದೇ ಮಾತು.

ದಡಿಗೆ ಒಂದು ಮರಿ ಉಳಿದಿದೆ. ಅದಕ್ಕೆ ಒಂದೇ ಪಕ್ಕೆಗೆ ಪಟ್ಟಿ. ಈಗ ಓಣಿಯ ಜಗಳವೆಲ್ಲ ಈ ಮರಿಯದು. ತಂಗೆವ್ವ ಅದನ್ನು ತನಗೆ ಕೊಡಿ ಎಂದು ಕೇಳಿದಳು. ಇಲಿ ಕಾಯುವವರು ಯಾರು ಎಂದು ವೀರಣ್ಣ ಒಪ್ಪಲಿಲ್ಲ. ಹೊರಗೆ ಒಯ್ದು ಉಣ್ಣಿಸುತ್ತೇನೆ ಎಂದಳು. ರುಚಿ ಹತ್ತಿ ನಿನ್ನ ಬೆನ್ನು ಬೀಳುತ್ತದೆ, ಮರಿಯನ್ನು ಮುಟ್ಟಬೇಡ ಎಂದ. ಹಾಗಾದರೆ ಈ ಮನೆಯ ಕಸವೇ ಬೇಡ ಎಂದು ತಂಗೆವ್ವ ಹೊರಟವಳು, ಓಣಿಯ ತುದಿ ಮುಟ್ಟುವ ಮೊದಲೇ ತಿರುಗಿ ಬಂದಳು. ದಾರಿಯಲ್ಲಿ ಎದುರಾದ ನನಗೆ ಹೇಳಿದಳು:

“ಏನ ಮಾಡ್ಲಿರಿ ಅಜ್ಜಾರ? ನಾ ಕಸಾ ಹೊಡೀಲಿಲ್ಲಂದ್ರ ನೂಲು ಅಲ್ಲೇ ಬೀಳತೈತಿ. ಅವ್ವ ಹೋದ ದಾರೀಲೆ ಮರಿನೂ ಹೋಗತೈತಿ. ಸಿಟ್ಟ ಮಾಡ್ಕೊಳ್ಳಾಕೂ ನನ್ನ ಕೈಯಾಗಿಲ್ಲ ನೋಡ್ರಿ.”

ಹೀಗಾಗಿ ದಿನಾಲು ಬೆಳಿಗ್ಗೆ ಡಬ್ಬಿಯನ್ನು ಹೊಸ್ತಿಲಾಚೆ ಕಟ್ಟೆಯ ಮೇಲೆ ತೆರೆದಿಟ್ಟು ಆಕೆ ಒಳಗೆ ಗುಡಿಸುತ್ತಾಳೆ. ಹಳೆಯ ಮನೆ, ಎತ್ತರದ ಹೊಸ್ತಿಲು. ಮರಿ ವಾಸನೆ ಹಿಡಿದು ಬಂದು, ಮುಂಗಾಲೆತ್ತಿ ಹೊಸ್ತಿಲು ಕೆರೆದು, ಜಾರಿ ಬೀಳುತ್ತದೆ. ಹೊರಗೆ ಅನ್ನ, ಒಳಗೆ ಕೂಗು. ನಾನು ಕಣ್ಣಾರೆ ನೋಡಿದ ಬೆಳಿಗ್ಗೆಯೂ ಹಾಗೆಯೇ ನಡೆದಿತ್ತು. ವೀರಣ್ಣ ಮಗ್ಗಕ್ಕೆ ಎಣ್ಣೆ ಬಿಡುತ್ತ ಬೆನ್ನು ತಿರುಗಿಸಿದ್ದ. ತಂಗೆವ್ವ ಮಗ್ಗದ ಕೆಳಗಿದ್ದಳು.

ಪೂಜೆಗೆ ಕುಳಿತಿದ್ದ ಬೋರವ್ವ ನಡುವೆಯೇ ಎದ್ದಳು. ಎಂಬತ್ತು ದಾಟಿದ ಜೀವ, ಗೋಡೆ ಹಿಡಿದು ನಡೆಯುತ್ತಾಳೆ. ಬಾಗಿಲಿಗೆ ಬಂದು, ಬಗ್ಗಿ, ಮರಿಯ ಕತ್ತಿನ ಹಿಂದಿನ ತೊಗಲು ಹಿಡಿದೆತ್ತಿ ಹೊಸ್ತಿಲಾಚೆ ಡಬ್ಬಿಯ ಪಕ್ಕಕ್ಕೆ ಇಟ್ಟಳು.

“ಯವ್ವಾ” ಎಂದ ವೀರಣ್ಣ.

“ತತ್ತಿ ಒಳಗ ಬರಬಾರದು ಅಂದಿ. ಬಂದಿಲ್ಲ. ತಂಗೆವ್ವ ಮುಟ್ಟಬಾರದು ಅಂದಿ. ಮುಟ್ಟಿಲ್ಲ. ನನಗೇನೂ ಅಂದಿಲ್ಲಲ್ಲೋ” ಎಂದಳು ಬೋರವ್ವ. ಮರಿ ಡಬ್ಬಿಯೊಳಗೆ ತಲೆ ಹಾಕಿ ಗುರ್ರೆನ್ನುತ್ತ ತಿನ್ನುತ್ತಿತ್ತು. “ದಡಿ ಮೂರು ವಾರ ನನ್ನ ಪೂಜಿ ಮುಂದ ಕುಂತು ಒದರಿತು. ನಾ ಕಣ್ಣ ಮುಚ್ಚಿದ್ದೆ. ಇನ್ನ ಮುಚ್ಚೂದು ಆಗೂದಿಲ್ಲಪಾ. ನಾಳೆ ನನ್ನ ಟೊಂಕ ಬಗ್ಗಲಿಕ್ಕಿಲ್ಲ, ನೀನ ಎತ್ತಿ ಇಡು.”

ಮರುದಿನ ವೀರಣ್ಣ ಎತ್ತಿಟ್ಟ. ಮುಖ ಬೀದಿಯ ಕಡೆಗಿತ್ತು, ಎರಡೇ ಬೆರಳಲ್ಲಿ ಹಿಡಿದಿದ್ದ. ಹಸಿರು ಎಳೆಯನ್ನು ಜಗ್ಗಿದ ಬೆರಳೂ ಅವೇ. ಈಗ ದಿನಾಲು ಎತ್ತಿಡುತ್ತಾನೆ. ಡಬ್ಬಿಗೆ ಮಾತ್ರ ಇಂದಿಗೂ ಒಳಗೆ ದಾರಿಯಿಲ್ಲ. ಓಣಿಯ ಬೇರೆ ಮನೆಗಳಲ್ಲಿ ಮಡಿಯ ಗದ್ದಲವಿಲ್ಲ, ಆದರೆ ಎಲ್ಲರದೂ ಒಂದೇ ಲೆಕ್ಕ: ತಂಗೆವ್ವ ಹಾಕುತ್ತಾಳಲ್ಲ, ನಾವೇಕೆ ಹಾಕಬೇಕು?

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆಯುವುದು ರೂಢಿ. ತಂಗೆವ್ವ ಯಾವ ಎಲೆಯ ಮರೆಯಲ್ಲೂ ಇಲ್ಲ. ಹನ್ನೆರಡು ಮನೆಯವರು ದಿನಬೆಳಗಾದರೆ ಆಕೆಯನ್ನು ನೋಡುತ್ತಾರೆ. ನೋಡಿ ಸುಮ್ಮನಿರುವ ನಾವೇ ಆ ಎಲೆ.

ನಿನಗೇನು ಬೇಕು ಎಂದು ಕೇಳಿದರೆ ತಂಗೆವ್ವ ಕಸಬರಗಿಯಿಂದ ನೂಲು ಬಿಡಿಸುತ್ತಲೇ ಉತ್ತರ ಕೊಡುತ್ತಾಳೆ. “ಶಾಲು ಹೊದಸಬ್ಯಾಡ್ರಿ, ಅದರ ಎಳಿ ಮತ್ತ ನಾನ ಆರಸಬೇಕಾಕ್ಕೈತಿ. ಮನಿಗೊಂದು ಮುಚ್ಚಳ ಇದ್ದ ಡಬ್ಬಿ, ತುಂಡುನೂಲಿಗೆ. ಮನಿಗೊಂದು ಪರಟಿ, ಬೆಕ್ಕಿನ ಕೂಳಿಗೆ. ತೆಂಗಿನಕಾಯಿ ಒಡದ ಪರಟಿ ಎಲ್ಲಾರ ಮನ್ಯಾಗೂ ಇರತಾವಲ್ರಿ. ದೇವರಿಗೆ ಕಾಯಿ, ಬೆಕ್ಕಿಗೆ ಪರಟಿ. ಅಷ್ಟಾದ್ರ ನಾ ಬರೇ ಕಸಾ ಹೊಡಕೊಂಡ ಇರತೇನಿ.”

ವೀರಣ್ಣನ ಹಿತ್ತಲಲ್ಲಿ ದಡಿಯನ್ನಿಟ್ಟ ಜಾಗದ ಮಣ್ಣು ಇನ್ನೂ ಹಸಿಯಾಗಿದೆ. ಬೋರವ್ವ ಪೂಜೆಯ ನೀರನ್ನು ಅಲ್ಲಿಗೇ ಚೆಲ್ಲುತ್ತಾಳೆ. ಬೆಕ್ಕಿಗಾಗಿ ಪ್ರಾರ್ಥಿಸಬಹುದೇ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ. ಶಿವನೇ, ದಡಿ ನಿನ್ನ ಬಾಗಿಲಿಗೆ ಬಂದಿದ್ದಾಳೆ. ಎಷ್ಟು ಇಲಿ ಹಿಡಿದೆ ಎಂದು ಅವಳನ್ನು ಕೇಳಬೇಡ. ಅದನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ನಿನ್ನ ಹೊಸ್ತಿಲು ಎತ್ತರವಿದ್ದರೆ ನೀನೇ ಬಗ್ಗಿ ಎತ್ತಿಕೋ. ಮೊದಲು ಉಣ್ಣಿಸು. ಹೊಟ್ಟೆ ತುಂಬಿದ ಮೇಲೆ ಅವಳು ತಾನಾಗಿಯೇ ನಿನ್ನ ಪಾದದ ಬಳಿ ಮಲಗುತ್ತಾಳೆ. ಆ ನಿದ್ದೆ ಅವಳಿಗೆ ಶಾಂತವಾಗಿರಲಿ.