ಕಫೀಲ್ ಬೇಡದ ದೇವರು

ಕೋವಿಡ್ ಕಳೆದ ಮರುವರ್ಷ. ನಾನು ಕುವೈತಿನ ಶರ್ಕ್‌ನಲ್ಲಿ ವಕೀಲರೊಬ್ಬರ ಕಚೇರಿಯ ಅನುವಾದಕ. ವಾರವಿಡೀ ಅರಬ್ಬಿ ಕರಾರುಗಳ ಅನುವಾದ. ಶುಕ್ರವಾರ ರಜೆ, ನಮ್ಮ ಕನ್ನಡ ಪ್ರಾಟೆಸ್ಟೆಂಟ್ ಸಭೆಯ ಆರಾಧನೆಯೂ ಅಂದೇ. ಪಾಸ್ಟರ್ ಇಂಗ್ಲಿಷಿನಲ್ಲಿ ಹೇಳಿದ ಒಂದೊಂದು ವಾಕ್ಯವನ್ನೂ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಆ ಮೈಕಿನ ಜಾಗ ಹನ್ನೆರಡು ವರ್ಷ ನನ್ನದೇ ಆಗಿತ್ತು.

ಆ ಅಕ್ಟೋಬರಿನಲ್ಲಿ ಮೂರು ಶುಕ್ರವಾರ ಜರ್ಮನಿಯ ಧರ್ಮಸುಧಾರಕನೊಬ್ಬನ ಕುರಿತು ಉಪನ್ಯಾಸವಿತ್ತು. ಐನೂರು ವರ್ಷಗಳ ಹಿಂದೆ ಹಣ ಪಡೆದು ಪಾಪ ಮನ್ನಿಸುವ ಚರ್ಚಿನ ಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿ, ಬೈಬಲನ್ನು ಜನರ ಭಾಷೆಗೆ ತಂದ ಸಂನ್ಯಾಸಿ ಅವನು. ಅನುವಾದಕನಿಗೆ ಇದಕ್ಕಿಂತ ದೊಡ್ಡ ಹಬ್ಬ ಉಂಟೇ? ಆದರೆ ಮೊದಲ ಉಪನ್ಯಾಸದ ಹಿಂದಿನ ಗುರುವಾರ ಧೂಳಿನ ಗಾಳಿ ಎದ್ದು ನನ್ನ ಗಂಟಲು ಕಟ್ಟಿತು.

"ನಾನು ನಿಲ್ತೇನೆ, ನೀವು ಸುಮ್ನೆ ಕೂತ್ಕೊಳ್ಳಿ," ಅಂದಳು ಹೆಂಡತಿ ಸುನೀತಾ. ಅವಳು ಲ್ಯಾಬ್ ಟೆಕ್ನಿಶಿಯನ್. ರಕ್ತ ಪರೀಕ್ಷಿಸುವವಳು ಅನುವಾದ ಮಾಡುವುದೇ!

ಶುಕ್ರವಾರ ಉಪ್ಪುನೀರು ಮುಕ್ಕಳಿಸಿ, ಕೊರಳಿಗೆ ಟವೆಲ್ ಸುತ್ತಿ ಮುಂದಿನ ಸಾಲಿನಲ್ಲಿ ಕೂತು ಅವಳ ತಪ್ಪುಗಳನ್ನು ಹುಡುಕತೊಡಗಿದೆ. ದೇವರಿಗೂ ಮನುಷ್ಯನಿಗೂ ನಡುವೆ ಪುರೋಹಿತ ಬೇಕಿಲ್ಲ ಎಂಬುದು ಸುಧಾರಕನ ವಿಚಾರದ ತಿರುಳು ಎಂದರು ಪಾಸ್ಟರ್. ನಾನಾಗಿದ್ದರೆ 'ಪೌರೋಹಿತ್ಯದ ಮಧ್ಯಸ್ಥಿಕೆ ಅನಗತ್ಯ' ಎನ್ನುತ್ತಿದ್ದೆ. ಸುನೀತಾ ಎದುರಿಗೆ ಕೂತವರನ್ನೊಮ್ಮೆ ನೋಡಿ, "ದೇವರ ಹತ್ರ ಹೋಗ್ಲಿಕ್ಕೆ ಕಫೀಲ್ ಬೇಡ," ಅಂದಳು.

ಕಫೀಲ್ ಅಂದರೆ ಇಲ್ಲಿ ನಮ್ಮ ವೀಸಾದ ಧಣಿ; ಅವನ ಸಹಿ ಇಲ್ಲದೆ ಏನೂ ನಡೆಯದು. ಮಂಗಫ್‌ನಿಂದ ಬಂದ ರಿಫೈನರಿ ಕೆಲಸಗಾರರು ಮೊದಲು ಗೊಳ್ಳೆಂದು ನಕ್ಕರು. ಆಮೇಲೆ ಅವರಲ್ಲೊಬ್ಬ ಕಣ್ಣೊರೆಸಿಕೊಂಡ. ಹನ್ನೆರಡು ವರ್ಷಗಳಲ್ಲಿ ನನ್ನ ಮಾತಿಗೆ ಯಾರೂ ಅತ್ತಿರಲಿಲ್ಲ. ಹೊಟ್ಟೆ ಉರಿದುಹೋಯಿತು.

ಹೊರಗೆ ಚಹಾ ಕುಡಿಯುವಾಗ ಎಲ್ಲರೂ ಅವಳ ಸುತ್ತ. "ಎಂಥ ಚೆಂದ ಹೇಳಿದ್ರಿ ಅಕ್ಕಾ!" ಪಾಸ್ಟರ್ ನನ್ನ ಬೆನ್ನು ತಟ್ಟಿ, ಉಳಿದೆರಡು ವಾರವೂ ಅವಳೇ ನಿಲ್ಲಲಿ ಎಂದರು.

ಕಾರಿನಲ್ಲಿ ಪಿಸುಗುಟ್ಟಿದೆ: "ಪಾಸ್ಟರ್ ಕಫೀಲ್ ಅಂದದ್ದು ಎಲ್ಲಿ?"

"ನಿಮ್ಮ ಹೊಟ್ಟೆಕಿಚ್ಚಿಗೆ ಉಪ್ಪುನೀರು ಸಾಕಾಗ್ಲಿಕ್ಕಿಲ್ಲ ಮಾರಾಯ್ರೆ," ಅಂದಳು.

ಮುಂದಿನ ಶುಕ್ರವಾರ ಗಂಟಲು ಸರಿಯಾಗಿತ್ತು, ಮೈಕಿನ ಬಳಿ ಜಾಗ ಇರಲಿಲ್ಲ. ಅನುವಾದಕ್ಕೆ ಕೂತಾಗ ಸುಧಾರಕ ಮನೆಯ ತಾಯಂದಿರು, ಸಂತೆಯ ಜನ ಹೇಗೆ ಮಾತಾಡುತ್ತಾರೆಂದು ಕಿವಿಗೊಡುತ್ತಿದ್ದನಂತೆ. ಇದನ್ನು ಕನ್ನಡದಲ್ಲಿ ಹೇಳುವಾಗ ಸುನೀತಾ ನೇರ ನನ್ನನ್ನೇ ನೋಡಿದಳು. ನಾನು ಏಸಿ ನೋಡಿದೆ.

ಮೈಕ್ ಈಗಲೂ ಅವಳದೇ, ಹೊಟ್ಟೆಕಿಚ್ಚು ಈಗಲೂ ನನ್ನದೇ. ಆದರೆ ಕೇಳುವವನ ಬದುಕಿನಲ್ಲಿರುವ ಪದವೇ ಸರಿಯಾದ ಪದ ಎಂಬುದನ್ನು ಇಷ್ಟು ವರ್ಷಗಳ ವೃತ್ತಿ ನನಗೆ ಕಲಿಸಲಿಲ್ಲ, ಆ ಕಫೀಲ್ ಶುಕ್ರವಾರ ಕಲಿಸಿತು. ನಮ್ಮ ಕಡೆಯ ಕಾರ್ಮಿಕರಿಗೆ ಕರಾರು ವಿವರಿಸಬೇಕಾದಾಗಲೆಲ್ಲ ನನ್ನ ಅನುವಾದವನ್ನು ಮೊದಲು ಅಡುಗೆಮನೆಯಲ್ಲಿ ಅವಳೆದುರು ಗಟ್ಟಿಯಾಗಿ ಓದುತ್ತೇನೆ. ಗಂಟಲು ಪರೀಕ್ಷೆ ಮಾಡುತ್ತಿದ್ದೇನೆ ಎಂದು ನೆಪ ಹೇಳುತ್ತೇನೆ. ಅವಳು ನಂಬಿದಂತೆ ಮಾಡಿ, ಪದ ಬದಲಿಸುತ್ತಾಳೆ.