ಬಟ್ಟಲು ಹಡಗಿನಿಂದ ತಮ್ಮನನ್ನು ತಂದ ಲುವಾನ್

ಲುವಾನ್ ತನ್ನ ಕೊನೆಯ ಎಂಟು ವರ್ಷಗಳನ್ನು ಕುಳಿತೇ ಕಳೆದ. ಸೊಂಟದಿಂದ ಕೆಳಗೆ ಅವನಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಗಾನ್ ದಾ ಊರಿನ ದಂಡೆಯಲ್ಲಿ ಹಳೆಯ ಟೈರಿನ ಮೇಲೆ ಹಲಗೆ ಹಾಕಿ ಕೂತು ಬಲೆ ಹೆಣೆಯುತ್ತಿದ್ದ. ಯಾರಾದರೂ ಕನಿಕರ ತೋರಿಸಿದರೆ ಬೈಯುತ್ತಿದ್ದ, ಕುಡಿದಾಗ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಊರಿನವರೆಲ್ಲ ಬಲು ಒಳ್ಳೆಯವನಾಗಿದ್ದ ಎನ್ನುತ್ತಿದ್ದಾರೆ. ಹಾಗೇನೂ ಇರಲಿಲ್ಲ. ಆದರೆ ಅವನು ಮಾಡಿದ ಒಂದು ಕೆಲಸವನ್ನು ಆ ತೀರದಲ್ಲಿ ಇನ್ನೊಬ್ಬ ಮಾಡಿಲ್ಲ.

ವಿಯೆಟ್ನಾಮಿನ ಆ ತೀರದ ಗಂಡಸರಲ್ಲಿ ಮೀನಿಗಾಗಿ ಸಮುದ್ರಕ್ಕೆ ಇಳಿಯುವವರಷ್ಟೇ ಮಂದಿ ಬಟ್ಟಲಿಗಾಗಿಯೂ ಇಳಿಯುತ್ತಾರೆ. ಕಲ್ಲುಬಂಡೆಗಳಾಚೆ ಹದಿನೆಂಟು ಮಾರು ಆಳದಲ್ಲಿ ಒಂದು ಹಡಗು ಮಲಗಿತ್ತು. ಎಷ್ಟು ನೂರು ವರ್ಷದ್ದೋ ಯಾರಿಗೂ ಗೊತ್ತಿಲ್ಲ. ಅದರ ಹೊಟ್ಟೆಯ ತುಂಬ ನೀಲಿ ಹೂವಿನ ಬಟ್ಟಲು, ತಟ್ಟೆ, ಹೂಜಿ; ಪೇಟೆಯಲ್ಲಿ ಅವಕ್ಕೆ ಒಳ್ಳೆಯ ಬೆಲೆ. ಕಡಲ್ಗಳ್ಳರು ಬೆನ್ನಟ್ಟಿ ಬಂದಾಗ ಸರಕು ಅವರ ಪಾಲಾಗಬಾರದೆಂದು ನಾವಿಕನು ಕೆಳ ಅಟ್ಟದಲ್ಲಿದ್ದ ನಲವತ್ತು ಜನರ ಮೇಲೆ ಹಲಗೆ ಬಡಿದು, ಮೊಳೆ ಹೊಡೆದು, ಹಡಗನ್ನು ತಾನೇ ಮುಳುಗಿಸಿದನೆಂದು ಊರಿನ ಮಾತು. ಕೆಲವರು ನಾವಿಕನ ಹೆಂಡತಿಯೂ ಒಳಗಿದ್ದಳೆಂದು ಸೇರಿಸುತ್ತಾರೆ. ಆ ನಲವತ್ತು ಜನ ಇನ್ನೂ ಒಳಗೇ ಇದ್ದಾರೆ, ಹೊರಗೆ ಬರಲು ಆಸರೆ ಹುಡುಕುತ್ತಾರೆ, ಮುಳುಗುಗಾರನ ಗಾಳಿ ಪೈಪು ಕೈಗೆ ಸಿಕ್ಕರೆ ಜಗ್ಗುತ್ತಾರೆ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅದಕ್ಕೇ ಒಂದು ಕಟ್ಟಳೆ ಇತ್ತು. ದೋಣಿಯ ಮೇಲೆ ಗಾಳಿ ತುಂಬುವ ಕಂಪ್ರೆಸರ್ ಗುಡುಗುಡು ಎನ್ನುತ್ತಿರುತ್ತದೆ. ಅದರ ಪೈಪನ್ನು ಹಲ್ಲಲ್ಲಿ ಕಚ್ಚಿ, ಸೊಂಟಕ್ಕೆ ಒಂದು ಸುತ್ತು ಸುತ್ತಿ, ಸೀಸದ ಪಟ್ಟಿ ಕಟ್ಟಿ ಒಬ್ಬ ಇಳಿಯುತ್ತಾನೆ. ಇನ್ನೊಬ್ಬ ಮೇಲೆ ಪೈಪು ಹಿಡಿದು ಕೂತಿರುತ್ತಾನೆ. ಮೂರು ಸಲ ಜಗ್ಗಿದರೆ ನಮ್ಮವನು, ಎಳೆಯಬೇಕು. ಎರಡು ಸಲ ಜಗ್ಗಿದರೆ ನಲವತ್ತು ಜನ, ಎಳೆಯಬಾರದು. ಎಳೆದರೆ ಅವರು ದೋಣಿ ಹತ್ತುತ್ತಾರೆ. ಒಂದು ಹಿಡಿ ಅಕ್ಕಿ, ಒಂದು ಹಿಡಿ ಉಪ್ಪು ನೀರಿಗೆ ಎರಚಿ ಸುಮ್ಮನಿರಬೇಕು.

ಲುವಾನನ ತಮ್ಮ ತ್ವಾಯ್ ಇಳಿದಿದ್ದ ದಿನ ಮೇಲೆ ಪೈಪು ಹಿಡಿದು ಕೂತವನು ಲುವಾನನೇ. ಪೈಪು ಎರಡು ಸಲ ಜಗ್ಗಿತು. ಲುವಾನ್ ಅಕ್ಕಿ, ಉಪ್ಪು ಎರಚಿದ. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಸಲ. ಮತ್ತೆ ಎರಚಿದ. ಆಮೇಲೆ ಜಗ್ಗಲಿಲ್ಲ. ತ್ವಾಯ್ ಏಳುವ ಹೊತ್ತು ಮೀರಿದ ಮೇಲೆ ಎಳೆದರೆ ಬರೀ ಪೈಪು ಬಂತು. ಅದರ ತುದಿಯಲ್ಲಿ ಹಲ್ಲಿನ ಗುರುತಿತ್ತು, ಗಾಳಿ ಹೊರಡುತ್ತಲೇ ಇತ್ತು.

“ಮೋಸ ಹೋಗಲಿಲ್ಲ ನೋಡು, ಗಟ್ಟಿಗ ನೀನು. ಇಲ್ಲದಿದ್ದರೆ ಇಡೀ ದೋಣಿನೇ ಹೋಗ್ತಿತ್ತು,” ಎಂದು ಊರಿನ ಹಿರಿಯರು ಅವನ ಬೆನ್ನು ತಟ್ಟಿದರು.

ಆ ಹಡಗಿಗೆ ಇನ್ನು ಯಾರೂ ಇಳಿಯಬಾರದೆಂದು ತೀರ್ಮಾನವಾಯಿತು. ಹೆಣ ಸಿಗದವರಿಗೆ ಮಾಡುವಂತೆ ತ್ವಾಯ್‌ಗೂ ಮಣ್ಣಿನ ಮೈ ಮಾಡಿದರು. ಹಿಪ್ಪುನೇರಳೆ ಕಡ್ಡಿಗಳನ್ನು ಎಲುಬಾಗಿ ಇಟ್ಟು, ಮೇಲೆ ಮಣ್ಣು ಮೆತ್ತಿ, ಅವನ ಅಂಗಿ ಹೊದಿಸಿ ಹೂಳಿದರು. ಅಣ್ಣ ತಮ್ಮಂದಿರ ತಾಯಿ ತೋಮ್ ಮಾತ್ರ ಗೋರಿಯ ಹತ್ತಿರ ಹೋಗಲಿಲ್ಲ.

“ಮಣ್ಣಿಗೆ ನಾನು ಅನ್ನ ಇಡಲ್ಲ. ನಾನು ಮಣ್ಣು ಹೆತ್ತಿಲ್ಲ. ಅವನ ಒಂದು ಎಲುಬು ತನ್ನಿ, ಆಮೇಲೆ ಇಡ್ತೀನಿ,” ಎಂದಳು.

ಎರಡು ವರ್ಷ ಅವಳು ಹಬ್ಬದ ದಿನವೂ ಮಗನ ಹೆಸರಲ್ಲಿ ಊದುಬತ್ತಿ ಹಚ್ಚಲಿಲ್ಲ. ಎರಡು ವರ್ಷ ಲುವಾನ್ ಅವಳ ಎದುರು ತಲೆ ಎತ್ತಿ ಉಣ್ಣಲಿಲ್ಲ. ಇಳಿಯಲು ಅವನಿಗೆ ಭಯವಿತ್ತು. ನಲವತ್ತು ಜನರ ಭಯವಲ್ಲ. ಕೆಳಗೆ ತನಗೆ ಏನು ಕಾಣಿಸುತ್ತದೋ ಎಂಬ ಭಯ.

ಮೂರನೆಯ ವರ್ಷದ ಬೇಸಿಗೆಯಲ್ಲಿ ತಾಕ್ ಬಂದ. ಅವನು ತೆಂಕಣ ಊರಿನವ, ದೊಡ್ಡ ದೋಣಿ, ಒರಟು ಜನ. ಯುದ್ಧ ಕಾಲದ ಸಿಡಿಯದ ಬಾಂಬುಗಳನ್ನು ಗದ್ದೆಯಿಂದ ಅಗೆದು, ಗರಗಸದಿಂದ ಕೊಯ್ದು, ಒಳಗಿನ ಮದ್ದು ತೆಗೆದು, ಅದನ್ನು ನೀರಲ್ಲಿ ಸಿಡಿಸಿ ಮೀನು ಹಿಡಿಯುತ್ತಿದ್ದವ. ಗಾನ್ ದಾದವರ ಕಟ್ಟಳೆ ಅವನಿಗೆ ನಗೆಪಾಟಲು. ಬೆಳಿಗ್ಗೆಯೇ ಬಟ್ಟಲಿಗಾಗಿ ಒಂದು ಮದ್ದು ಹಚ್ಚಿ ಹಡಗಿನ ಪಕ್ಕೆಯನ್ನು ಸೀಳಿಬಿಟ್ಟ. ಸತ್ತ ಮೀನುಗಳು ಹೊಟ್ಟೆ ಮೇಲಾಗಿ ದಂಡೆಯವರೆಗೂ ತೇಲಿ ಬಂದವು.

ಇನ್ನೊಂದು ಮದ್ದು ಸಿಡಿದರೆ ತಮ್ಮನ ಎಲುಬೂ ಉಳಿಯುವುದಿಲ್ಲವೆಂದು ಲುವಾನ್ ತನ್ನ ಗೆಳೆಯ ನ್ಯೋನ್ ಜೊತೆ ಕಂಪ್ರೆಸರ್ ದೋಣಿಯಲ್ಲಿ ಅಲ್ಲಿಗೆ ಹೋದ. ದೋಣಿಯನ್ನು ನ್ಯೋನ್‌ಗೆ ಬಿಟ್ಟು, ಬಿದಿರಿನ ಹರಿಗೋಲಿನಲ್ಲಿ ತಾಕ್‌ನ ದೋಣಿಯ ಪಕ್ಕಕ್ಕೆ ತಾಗಿದ.

“ಏನೋ, ತಮ್ಮನ್ನ ಮಾತಾಡಿಸೋಕೆ ಬಂದ್ಯಾ? ಪೈಪು ಕೊಡ್ತೀನಿ, ಅದರಲ್ಲಿ ಕೂಗು,” ಎಂದ ತಾಕ್. ಅವನ ಜನ ನಕ್ಕರು.

“ಒಂದೇ ಒಂದು ಇಳಿತ ಬಿಡು ತಾಕ್. ಅವನನ್ನ ಎತ್ಕೋತೀನಿ. ಆಮೇಲೆ ಸಮುದ್ರನೇ ಸುಟ್ಕೋ, ನಾನು ಕೇಳಲ್ಲ.”

“ಎರಡು ವರ್ಷ ಏನ್ ಮಾಡ್ತಿದ್ದೆ? ಅಮ್ಮನ ಸೆರಗಲ್ಲಿ ಮೂಗು ಒರೆಸ್ಕೋತಿದ್ಯಾ?”

ಲುವಾನ್ ದೋಣಿಗೆ ಹತ್ತಿ ಅವನ ಬಾಯಿಗೆ ಗುದ್ದಿದ. ಮುಂದಿನದು ಜಗಳವಲ್ಲ, ಬಡಿತ. ನಾಲ್ಕು ಜನ, ಹುಟ್ಟುಗೋಲು, ಮೀನು ಎಳೆಯುವ ಕೊಕ್ಕೆ. ಕೊಕ್ಕೆ ಅವನ ಎಡಗಿವಿಯನ್ನು ಅರ್ಧ ಕಿತ್ತಿತು. ಎರಡು ಪಕ್ಕೆಲುಬು ಮುರಿದವು. ಕೊನೆಗೆ ಅವನ ಕೈಕಾಲು ಹಿಡಿದು ನೀರಿಗೆ ಎಸೆದರು. “ಊಟ ಆದ ಮೇಲೆ ಇನ್ನೆರಡು ಮದ್ದು ಹಾಕ್ತೀವಿ. ಅಷ್ಟರೊಳಗೆ ಇಲ್ಲಿಂದ ತೊಲಗಿರು,” ಎಂದು ತಾಕ್ ರಕ್ತ ಉಗಿಯುತ್ತಾ ಕೂಗಿದ.

ನ್ಯೋನ್ ಅವನನ್ನು ದೋಣಿಗೆ ಎಳೆದುಕೊಂಡ. “ಮನೆಗೆ ನಡಿ ಮಾರಾಯ. ಉಸಿರಾಡೋಕೂ ಆಗ್ತಿಲ್ಲ ನಿಂಗೆ.”

“ಅವರು ಉಣ್ಣೋಕೆ ಕೂತ್ರಾ?”

“ಕೂತ್ರು.”

“ಹಾಗಾದ್ರೆ ಕಂಪ್ರೆಸರ್ ಹಚ್ಚು.”

ತಲೆಗೆ ಬಟ್ಟೆ ಬಿಗಿದು, ಗೋಣಿಚೀಲ, ಕಬ್ಬಿಣದ ಸನಿಕೆ, ಕತ್ತಿ ಹಿಡಿದು ಲುವಾನ್ ಇಳಿದ. ಹದಿನೆಂಟು ಮಾರು ಕೆಳಗೆ ಕೆಸರು ಇನ್ನೂ ತಿಳಿಯಾಗಿರಲಿಲ್ಲ. ಬೆಳಗಿನ ಮದ್ದು ಹಡಗಿನ ಪಕ್ಕೆಯಲ್ಲಿ ಎತ್ತಿನ ಗಾಡಿ ಹೋಗುವಷ್ಟು ಬಾಯಿ ತೆರೆದಿತ್ತು. ಒಳಗೆ ನಲವತ್ತು ಜನ ಇರಲಿಲ್ಲ. ಬಟ್ಟಲುಗಳಿದ್ದವು, ಒಂದರೊಳಗೊಂದು ಸಾಲುಸಾಲಾಗಿ. ಅಟ್ಟದ ಮೇಲೆ ಹಲಗೆಯೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ಅದು ಯಾವತ್ತೂ ತೆರೆದೇ ಇದ್ದ ಅಟ್ಟ.

ತ್ವಾಯ್ ಒಂದು ಬಿದ್ದ ತೊಲೆಯ ಪಕ್ಕದಲ್ಲಿದ್ದ. ಸೀಸದ ಪಟ್ಟಿಯಿಂದ ಗುರುತು ಸಿಕ್ಕಿತು, ಅದನ್ನು ಎರಕ ಹೊಯ್ದವನು ಲುವಾನನೇ. ಬಲಗೈ ತೊಲೆಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಎಡಗೈಯ ಎಲುಬುಗಳ ನಡುವೆ ಕೆಸರಿನಲ್ಲಿ ಒಂದು ಕತ್ತಿ. ಲುವಾನ್ ಬಲ ಮುಂಗೈಯನ್ನು ಸವರಿ ನೋಡಿದ. ಮಣಿಕಟ್ಟಿನ ಮೇಲೆ, ಎಲುಬಿನಲ್ಲಿ, ಪಕ್ಕಪಕ್ಕದಲ್ಲಿ ಮೂರು ಗೀರು ಬೆರಳಿಗೆ ಸಿಕ್ಕವು.

ತಮ್ಮ ಬದುಕಿದ್ದ. ಒಂದೇ ಕೈಯಲ್ಲಿ ಎಟುಕಿದಷ್ಟು ಪೈಪು ಜಗ್ಗಿದ್ದ, ಮೂರನೆಯ ಸಲಕ್ಕೆ ಕೈ ಸಾಲಲಿಲ್ಲ. ಅಣ್ಣ ಎಳೆಯಲಿಲ್ಲ. ಮತ್ತೆ ಜಗ್ಗಿದ್ದ. ಆಮೇಲೆ ತನ್ನ ಕೈಯನ್ನು ತಾನೇ ಕೊಯ್ಯಲು ಶುರು ಮಾಡಿದ್ದ.

ಸನಿಕೆ ಹಾಕಿ ಮೀಟಿದರೆ ತೊಲೆ ಜಗ್ಗಲಿಲ್ಲ. ಮುರಿದ ಪಕ್ಕೆಲುಬು ಒಳಗೆ ಚುಚ್ಚಿತು. ಲುವಾನ್ ತನ್ನ ಕತ್ತಿಯನ್ನು ಆ ಮೂರು ಗೀರಿನ ಪಕ್ಕದಲ್ಲೇ ಇಟ್ಟು ಎಲುಬನ್ನು ಕಡಿದ. ಅಂಗೈಯನ್ನು ಅಲ್ಲೇ ಬಿಟ್ಟು ಉಳಿದದ್ದನ್ನೆಲ್ಲ ಒಂದೊಂದಾಗಿ ಆಯ್ದು ಚೀಲಕ್ಕೆ ತುಂಬಿದ.

ಚೀಲದ ಬಾಯಿ ಕಟ್ಟುವಾಗ ಹಿಂದಿನಿಂದ ತಾಕ್ ಬಂದ. ಕಂಪ್ರೆಸರ್ ಸದ್ದು ಕೇಳಿ, ಮೇಲೆ ಅನ್ನದ ಬಟ್ಟಲು ಇಟ್ಟು, ಪೈಪು ಕಚ್ಚಿ ಇಳಿದಿದ್ದ. ಅವನಿಗೆ ಕಂಡದ್ದು ತುಂಬಿದ ಚೀಲ. ಅದರಲ್ಲಿ ಬಟ್ಟಲಲ್ಲದೆ ಬೇರೇನಿರುತ್ತದೆ? ಚೀಲಕ್ಕೆ ಕೈ ಹಾಕಿದ. ಲುವಾನ್ ಬಿಡಲಿಲ್ಲ. ಇಬ್ಬರೂ ಕೆಸರಿನಲ್ಲಿ ಹೊರಳಿದರು, ಅವರ ಅಡಿಯಲ್ಲಿ ಬಟ್ಟಲುಗಳು ಒಡೆದವು. ಲುವಾನ್ ಸನಿಕೆಯಿಂದ ಅವನ ಮುಖಕ್ಕೆ ಇರಿದ. ಅದು ಕಣ್ಣಿಗೆ ಹೊಕ್ಕಿತು. ತಾಕ್ ಕುರುಡು ಕೈ ಬೀಸಿದ. ಆ ಕೈಯಲ್ಲಿದ್ದ ಕತ್ತಿ ಲುವಾನನ ಪೈಪನ್ನು ತುಂಡರಿಸಿತು.

ಆಳದಲ್ಲಿ ಅಷ್ಟು ಹೊತ್ತು ಇದ್ದವನು ಮೆಲ್ಲಗೆ, ನಿಂತು ನಿಂತು ಏಳಬೇಕು. ಇಲ್ಲದಿದ್ದರೆ ನೆತ್ತರು ನೊರೆಗಟ್ಟಿ ಮೈ ಮರಗಟ್ಟುತ್ತದೆ. ಲುವಾನನಿಗೆ ಅದು ಗೊತ್ತಿತ್ತು. ಗಾಳಿ ಇರಲಿಲ್ಲ. ಸೀಸದ ಪಟ್ಟಿ ಬಿಚ್ಚಿದ, ಚೀಲ ಬಿಡಲಿಲ್ಲ, ಒಂದೇ ಏಟಿಗೆ ಮೇಲೆ ಬಂದ. ನ್ಯೋನ್ ಅವನನ್ನು ದೋಣಿಗೆ ಎಳೆದಾಗ ಮೂಗು, ಬಾಯಿ, ಹರಿದ ಕಿವಿ ಎಲ್ಲದರಿಂದಲೂ ರಕ್ತ. ಸ್ವಲ್ಪ ಹೊತ್ತಿಗೆ, “ನನ್ನ ಕಾಲ ಮೇಲೆ ಏನು ಇಟ್ಟಿದ್ದೀಯೋ? ತೆಗಿ,” ಎಂದ. ಕಾಲ ಮೇಲೆ ಏನೂ ಇರಲಿಲ್ಲ. ಇಂಥವರನ್ನು ತಕ್ಷಣ ಅದೇ ಆಳಕ್ಕೆ ಇಳಿಸಿ, ನಿಧಾನ ಎತ್ತಿದರೆ ಕೆಲವರು ಉಳಿಯುತ್ತಾರೆ. ಆದರೆ ಪೈಪು ಕತ್ತರಿಸಿ ಹೋಗಿತ್ತು.

ತಾಕ್‌ನನ್ನು ಅವನ ಜನ ಮೆಲ್ಲಗೆ ಎತ್ತಿಕೊಂಡರು. ಅವನ ಕಣ್ಣು ಹೋಯಿತು. ಅದೇ ಸಂಜೆ, ಸೇಡಿಗೋ ಏನೋ, ಅವರು ಇದ್ದ ಮದ್ದನ್ನೆಲ್ಲ ಸುರಿದು ಹಡಗನ್ನು ಚೂರುಚೂರು ಮಾಡಿ ಹೊರಟುಹೋದರು.

ಮಾರನೆಯ ದಿನ ತೋಮ್ ಅಂಗಳದಲ್ಲಿ ಚಾಪೆ ಹಾಸಿ ಕಿರಿಯ ಮಗನನ್ನು ಅಕ್ಕಿ ಸಾರಾಯಿಯಲ್ಲಿ ತೊಳೆದಳು. ಅಲ್ಲಿ ಎಲುಬು ತೊಳೆಯುವುದು ಹೀಗೇ. ಲುವಾನನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಯಿಂದ ಶುರು ಮಾಡಿ ಒಂದೊಂದೇ ಎಲುಬನ್ನು ಉಜ್ಜಿ, ಒರೆಸಿ, ಕೆಂಪು ಬಟ್ಟೆಯ ಮೇಲೆ ಅದರದರ ಜಾಗದಲ್ಲಿ ಇಡುತ್ತಾ ಬಂದಳು. ಬಲಗೈಗೆ ಬಂದಾಗ ಉಜ್ಜುವುದನ್ನು ನಿಲ್ಲಿಸಿದಳು.

“ಅಂಗೈ ಎಲ್ಲಿ?”

“ತೊಲೆ ಅಡಿ ಸಿಕ್ಕಿತ್ತು ಅವ್ವ. ಬಿಟ್ಟು ಬಂದೆ.”

“ಈ ಗೀರು?”

ನ್ಯೋನ್ ಪಕ್ಕದಲ್ಲೇ ಇದ್ದ, ಅವನಿಗೆ ಲುವಾನ್ ದೋಣಿಯಲ್ಲೇ ಎಲ್ಲ ಹೇಳಿದ್ದ. ಎಲ್ಲ ಗೀರೂ ತನ್ನವೇ ಎಂದು ಲುವಾನ್ ಹೇಳಿಬಿಡಲಿ ಎಂದು ಅವನು ಒಳಗೊಳಗೇ ಬೇಡಿಕೊಂಡ. ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ತುದೀಲಿ ಕಡಿದದ್ದು ನನ್ನದು,” ಎಂದ ಲುವಾನ್. “ಆ ಮೂರು ಅವನವು. ಅವನು ಬದುಕಿದ್ದ ಅವ್ವ. ಜಗ್ಗಿದ್ದು ಅವನೇ. ನಾನು ಅಕ್ಕಿ ಎರಚ್ತಾ ಕೂತಿದ್ದೆ.”

ತೋಮ್ ಎಲುಬನ್ನು ಬಟ್ಟೆಯ ಮೇಲೆ ಇಟ್ಟಳು. ಎದ್ದು ಹೋಗಿ ಮೀನಿನ ರಸದ ಹಂಡೆ ಕಲಕುವ ಮರದ ಕೋಲು ತಂದಳು. ಅವನ ಚಾಚಿದ ಕಾಲುಗಳ ಮೇಲೆ ಹೊಡೆಯತೊಡಗಿದಳು. ಮೊಣಕಾಲ ಚರ್ಮ ಒಡೆದು ರಕ್ತ ಚಾಪೆಗೆ ಹರಿಯಿತು. ನ್ಯೋನ್ ತಡೆಯಲು ಹೋದರೆ ಲುವಾನ್ ಕೈ ಎತ್ತಿ ಬೇಡ ಎಂದ.

“ಅವ್ವ, ಅಲ್ಲಲ್ಲ,” ಎಂದ. “ಅಲ್ಲಿ ಹೊಡೆದರೆ ನಂಗೆ ಗೊತ್ತಾಗಲ್ಲ.”

ಎರಡು ಕೈ ನೆಲಕ್ಕೆ ಊರಿ, ಮೈಯನ್ನು ತಿರುಗಿಸಿ, ಅವಳಿಗೆ ಬೆನ್ನು ಕೊಟ್ಟ. ತೋಮ್ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. ಆಮೇಲೆ ಕೋಲನ್ನು ಎತ್ತಿದಳು.