ಅವ್ವನ ಸಂಚಿಯ ಗುಳಿಗೆಗಳು

ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ನನ್ನ ಕೆಲಸ, ಅದರ ಬಗ್ಗೆ ನನಗೆ ಒಳ್ಳೆಯ ಜಂಬವೂ ಇತ್ತು. ಸಿರುಗುಪ್ಪದ ಕಾಲೇಜಿನಲ್ಲಿ ಪಾಠ ಮಾಡಿ ಮಾಡಿ ಬಾಯಿಗೆ ಬಿಡುವಿಲ್ಲದವನು ನಾನು. ಡಾಕ್ಟರು ಅವ್ವನತ್ತ ತಿರುಗಿ ಏನೇ ಕೇಳಲಿ, ಉತ್ತರ ನನ್ನದೇ. ಗುಳಿಗೆ ತಪ್ಪಿಸುವುದಿಲ್ಲ, ಉಪ್ಪು ಕಡಿಮೆ ಮಾಡಿದ್ದಾರೆ, ನಿದ್ದೆ ಚೆನ್ನಾಗಿದೆ. ನಾನು ಬೇಡವೆಂದರೂ ಬ್ರೂಸ್‌ಪೇಟೆಯಲ್ಲಿ ಸೊಪ್ಪು ಮಾರುವುದನ್ನು ಬಿಡದ ಅವ್ವ, ಡಾಕ್ಟರ ಮುಂದೆ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ಸುಮ್ಮನೆ ಕೂತಿರುತ್ತಿದ್ದಳು. ಬಿಪಿ ಇಳಿಯುತ್ತಿರಲಿಲ್ಲ, ಡಾಕ್ಟರು ಡೋಸು ಏರಿಸುತ್ತಲೇ ಹೋದರು.

ಮೇಲೆ ದವಾಖಾನೆ, ಕೆಳಗೆ ಔಷಧಿ ಅಂಗಡಿ. ಮನೆಮನೆಯಲ್ಲೂ ಗುಳಿಗೆ ಉಳಿದು ಹಾಳಾಗುತ್ತಿವೆಯೆಂದು ಡಾಕ್ಟರೂ ಅಂಗಡಿಯವರೂ ಮಾತಾಡಿಕೊಂಡು ಈಚೆಗೆ ಹೊಸ ಪದ್ಧತಿ ತಂದರು. ಹೊಸದು ಕೊಳ್ಳುವ ಮುನ್ನ ಹಳೆಯ ಶೀಟು ತೋರಿಸಬೇಕು. ಉಳಿದಿದ್ದರೆ ಅಂಗಡಿಯವರು ಡಾಕ್ಟರಿಗೆ ಫೋನ್ ಮಾಡುತ್ತಾರೆ. ಅವತ್ತು ಡಾಕ್ಟರು ಮತ್ತೆ ಡೋಸು ಏರಿಸಿ ಬರೆದ ಚೀಟಿ ಹಿಡಿದು ಅಂಗಡಿಗೆ ಇಳಿದಾಗ, ನಮ್ಮಲ್ಲಿ ಒಂದೂ ಉಳಿಯುವುದಿಲ್ಲ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವ್ವ ಎಲೆಯಡಿಕೆಯ ಸಂಚಿಯಿಂದ ಖಾಲಿ ಶೀಟುಗಳನ್ನು ಎಳೆದಳು. ಅವುಗಳ ಜೊತೆಗೇ ಬಿಡಿ ಗುಳಿಗೆಗಳು, ಅಡಿಕೆ ಚೂರುಗಳು ಗಾಜಿನ ಮೇಲೆ ಉದುರಿದವು. ಖಾಲಿ ಮಾಡಿ ತೋರಿಸಲೆಂದು ಗುಳಿಗೆಗಳನ್ನು ಒತ್ತಿ ತೆಗೆದು, ಒಗೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಎದುರಿಗೇ ಸಣ್ಣ ಹುಡುಗಿಯನ್ನು ಗದರುವಂತೆ ಗದರಿದೆ. ಅವಳು ತಲೆ ಎತ್ತದೆ ಅಡಿಕೆ ಆರಿಸುತ್ತಿದ್ದಳು. ಅಂಗಡಿಯವರು ನನ್ನನ್ನು ನೋಡಲೂ ಇಲ್ಲ. ಇವರು ಇಷ್ಟು ದಿನ ಗುಳಿಗೆ ನುಂಗೇ ಇಲ್ಲ, ಇವತ್ತು ಬರೆದ ಡೋಸು ನುಂಗಿದರೆ ತಲೆ ತಿರುಗಿ ಬೀಳುತ್ತಾರೆ ಎಂದು ಮೇಲಕ್ಕೆ ಫೋನ್ ಮಾಡಿ ತಿಳಿಸಿದರು. ಡಾಕ್ಟರು ನಮ್ಮನ್ನು ಮತ್ತೆ ಕರೆಸಿದರು. ಅವ್ವನ ಹಿಂದೆಯೇ ನಾನೂ ನುಗ್ಗಿದಾಗ, "ನೀವು ಹೊರಗ ಕುಂದರ್ರಿ" ಎಂದರು.

ಬಾಗಿಲಿಗೆ ಇದ್ದದ್ದು ಬರೀ ಪರದೆ. ಅವ್ವನ ದನಿ ಚೆನ್ನಾಗಿ ಕೇಳಿಸಿತು.

"ಅದನ್ನ ನುಂಗಿದ್ರ ತಾಸಿಗೊಮ್ಮಿ ಒಂದಕ್ಕ ಏಳಬೇಕಾಗ್ತೈತ್ರೀ. ದಿನಾ ಪ್ಯಾಟ್ಯಾಗ ಕುಂದರ್ತೀನಿ, ಅಲ್ಲಿ ಹೆಂಗಸ್ರು ಹೋಗಾಕ ಜಾಗ ಎಲ್ಲೈತ್ರೀ? ಕುರುಗೋಡಿಗೆ ಮಗಳ ಮನಿಗೆ ಹೋಗ್ಬೇಕಂದ್ರ ಬಸ್ಸಿನ್ಯಾಗ ಜೀವ ಕೈಯಾಗ ಹಿಡ್ಕಂಡು ಕುಂದರ್ಬೇಕು. ಇದನ್ನ ಮಗನ ಮುಂದ ಹೆಂಗ ಹೇಳ್ಲಿ?"

ಹೊರಗಿನ ಬೆಂಚಿನ ಮೇಲೆ ನಾನು ನಾಚಿಕೆಯಿಂದ ಹಿಡಿಯಾದೆ. ಅವಳು ಕೂರುವ ಓಣಿಯಲ್ಲೇ ಎಷ್ಟೋ ಸಲ ಬೈಕು ನಿಲ್ಲಿಸಿ ಹರಟೆ ಹೊಡೆದಿದ್ದೇನೆ. ಅವಳು ಅಲ್ಲಿ ಹೇಗೆ ದಿನ ಕಳೆಯುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರೂ ಅಂಗಡಿಯವರೂ ಫೋನಿನಲ್ಲೇ ಚರ್ಚಿಸಿ ಬೇರೆ ಗುಳಿಗೆ ಗೊತ್ತುಮಾಡಿದರು. ಅದು ಒಗ್ಗುತ್ತದೋ ಇಲ್ಲವೋ ನೋಡಲು ಮೊದಲು ಕೆಲವೇ ದಿನಕ್ಕಾಗುವಷ್ಟು ಕೊಟ್ಟರು.

ಮುಂದಿನ ಸಲ ಬಿಪಿ ಇಳಿದಿತ್ತು. ಡಾಕ್ಟರು, "ಹೆಂಗದೀರಿ ಅಮ್ಮಾ?" ಎಂದು ಕೇಳಿದರು. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಅವ್ವ ನನ್ನ ಮುಖ ನೋಡುತ್ತ, ನಾನು ಉತ್ತರ ಹೇಳಲಿ ಎಂದು ಕಾಯುತ್ತಿದ್ದಳು. ನಾನು ಎದ್ದು ಹೊರಗೆ ಬಂದೆ.